ಮೆಮೊರಿ ಜಾಸ್ತಿಯಾದರೂ ತಕರಾರು

ಗದಗನ್ನು ಮುದ್ರಣ ಕಾಶಿ ಅಂತಾರೆ. ಮೊಳೆ ಜೋಡಿಸುವ ಕಾಲ ಹೋದರೂ ಪ್ರೆಸ್ಸುಗಳು ಹೋಗಿಲ್ಲ. ನಮ್ಮ ಕಾಕಾನ ಪ್ರೆಸ್ಸಿನಲ್ಲಿ ವಿಂಡೋಸ್ 98ರ ಕಂಪ್ಯೂಟರೊಂದು ಇನ್ನೂ ದುಡಿಯುತ್ತಿದೆ. ಪುಟ ಜೋಡಿಸುವ ಪೇಜ್‌ಮೇಕರ್ ಪ್ರೋಗ್ರಾಮಿನಲ್ಲಿ ಮಾಡಿದ ಹಳೇ ಮದುವೆ ಕಾರ್ಡುಗಳೆಲ್ಲ ಅದರಲ್ಲೇ ಇವೆ. ಅಣ್ಣನ ಕಾರ್ಡು ತೆಗೆದು ಹೆಸರು ಬದಲಿಸಿದರೆ ತಮ್ಮನ ಕಾರ್ಡು ತಯಾರು. ಹಾಗಾಗಿ ಅದಕ್ಕೆ ಬಿಡುಗಡೆ ಇಲ್ಲ. ಬಸವ ಜಯಂತಿ ಹತ್ತಿರ ಬಂದು ಕಾರ್ಡಿನ ಕೆಲಸ ಕೈ ತುಂಬಿದಾಗಲೇ ಅದು ಮುನಿಸಿಕೊಳ್ಳುತ್ತದೆ.

ಬಟನ್ ಒತ್ತಿದರೆ ಪರದೆ ಕಪ್ಪು, ಒಳಗಿಂದ ಉದ್ದುದ್ದ ಬೀಪ್. ಇದು ಸುಲಭದ ಕಾಯಿಲೆ. ಸಾಮಾನ್ಯವಾಗಿ ಮೆಮೊರಿಯ ಪಟ್ಟಿ, ಅಂದರೆ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತಲೇ ಅರ್ಥ. ಪ್ಲಗ್ ಕಿತ್ತು, ರ‍್ಯಾಮ್ ಹೊರತೆಗೆದು, ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ರಬ್ಬರಿನ ಚೂರು ಜಾಡಿಸಿ ಮತ್ತೆ ಒತ್ತಿದಾಗ ಎರಡೂ ಕಡೆಯ ಕ್ಲಿಪ್ ಟಕ್ ಅನ್ನಬೇಕು. ಒಂದೇ ಕಡೆ ಅಂದರೆ ಮತ್ತೆ ಕೂಗು ಶುರು. ಎರೆ ಮಣ್ಣಿನ ಧೂಳು, ಕಾಗದದ ಪುಡಿ ಎರಡೂ ಸೇರುವ ಜಾಗದಲ್ಲಿ ಇಷ್ಟಾದರೂ ಆಗದಿರುತ್ತಾ?

ಕಷ್ಟ ಇರೋದು ಪರದೆ ಮೇಲೆ ಬರೆದು ತೋರಿಸುವ ದೂರಿನಲ್ಲಿ.

"ತಮ್ಮಾ, ಮೆಮೊರಿ ಸಾಲಂಗಿಲ್ಲ ಅಂತೈತಿ ನೋಡು. ಇನ್ನೊಂದು ರ‍್ಯಾಮ್ ಹಾಕೂಣೇನು?" ಅಂದ ಕಾಕಾ.

ಹಾಕಬಹುದು, ದೂರು ಹೋಗುವುದಿಲ್ಲ. ವಿಂಡೋಸ್ 98ರಲ್ಲಿ ಪರದೆ ಮೇಲೆ ಚಿತ್ರ, ಅಕ್ಷರ ಬಿಡಿಸುವ ಕೆಲಸದ ಒಂದಷ್ಟು ಭಾಗ ಬರೀ 64 ಕಿಲೋಬೈಟ್ ಜಾಗದಲ್ಲೇ ನಡೆಯಬೇಕು. ರ‍್ಯಾಮ್ ಎಷ್ಟೇ ಹಾಕಿದರೂ ಆ ಜಾಗ ಬೆಳೆಯದು. ಅದು ತುಂಬಿದರೂ ಮೆಮೊರಿ ಇಲ್ಲ ಅಂತಲೇ ಗೋಳು. ತೆರೆದಿಟ್ಟ ಪ್ರೋಗ್ರಾಮ್ ಮುಚ್ಚಿ ರೀಸ್ಟಾರ್ಟ್ ಮಾಡುವುದೇ ಮದ್ದು.

ಇನ್ನೂ ಮಜಾ ಇದೆ. ರ‍್ಯಾಮ್ 512 ಎಂಬಿ ದಾಟಿದರೆ ಕೆಲವೊಮ್ಮೆ ವಿಂಡೋಸ್ 98 ಶುರುವೇ ಆಗದು. ಕಾರಣ ಕೇಳಿದರೆ, ಮೆಮೊರಿ ಸಾಲದು! ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಕ್ಯಾಶ್‌ಗೆ ಅಂತ ಮೆಮೊರಿಯ ವಿಳಾಸಗಳನ್ನೆಲ್ಲ ಮೊದಲೇ ಬಾಚಿಕೊಂಡು, ಬೇರೆ ಕೆಲಸಕ್ಕೆ ಉಳಿಸಿರುವುದಿಲ್ಲ. ಮನೆ ತುಂಬ ಜೋಳದ ಚೀಲ ಒಟ್ಟಿ, ಮಲಗಲು ಜಾಗ ಇಲ್ಲ ಅಂತ ಗೊಣಗಿದ ಹಾಗೆ. ಸಿಸ್ಟಮ್ ಡಾಟ್ ಐಎನ್ಐ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಕ್ಯಾಶ್‌ಗೆ ಇಂತಿಷ್ಟೇ ಅಂತ ಮಿತಿ ಬರೆದರೆ ಸುಮ್ಮನಾಗುತ್ತದೆ. ಇಂಥ ಮದ್ದು ಹೇಳಿದರೆ ಅಂಗಡಿಯವರಿಗೆ ರುಚಿಸೋದಿಲ್ಲ ಬಿಡಿ. ಅವರಿಗೆ ರ‍್ಯಾಮ್ ಮಾರಬೇಕು.

ಫಾಂಟಿನದು ಬೇರೆಯದೇ ಪುರಾಣ. ಗಿರಾಕಿಗೆ ದಿನಾ ಹೊಸ ನಮೂನೆ ಅಕ್ಷರ ಬೇಕು, ಕಾಕಾ ಎಲ್ಲೆಲ್ಲಿಂದಲೋ ಫಾಂಟ್ ತಂದು ತುಂಬುತ್ತಾನೆ. ವಿಂಡೋಸ್ 98 ಸುಮಾರು 1000 ಫಾಂಟಿಗೇ ಕೈ ಚೆಲ್ಲುತ್ತದೆ. ಜತೆಗೆ ಹಳೇ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ಅಂಥದ್ದೇ ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕ' ಇದ್ದಲ್ಲಿ ಇಂಗ್ಲಿಷಿನ ಪಿ, 'ನ' ಇದ್ದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ. ನಾಗನಗೌಡರ ಹೆಸರಲ್ಲೇ ಎರಡು ಪೌಂಡ್ ಜಮಾ!

ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಲ್ಲೇ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಅದಕ್ಕೆ ತಕ್ಕ ತುಂಗಾ ಫಾಂಟ್ ಬಂದದ್ದು 2001ರ ಎಕ್ಸ್‌ಪಿ ಜತೆ. ಹಳೇ ಕಾರ್ಡುಗಳನ್ನೂ ಯುನಿಕೋಡಿಗೆ ಬದಲಿಸಿಡೋಣ ಅಂತ ಒಂದನ್ನು ಕನ್ವರ್ಟರಿಗೆ ಹಾಕಿದೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ರಕಾರ ಆ ಅಕ್ಷರಕ್ಕಿಂತ ಮೊದಲು ಬರಬೇಕು. ಕನ್ವರ್ಟರ್ ಅಲ್ಲೇ ಎಡವಿತು. ಪ್ರೂಫ್ ನೋಡಲು ಬಂದ ಹುಡುಗನ ಅಜ್ಜ ಕನ್ನಡಕ ಏರಿಸಿ ಓದಿ, ಮಗನ ಕಡೆ ತಿರುಗಿದರು.

"ಈ ಪಾವರ್ತಿ ಯಾರಲೇ? ಬೀಗರ ಕಡ್ಯಾಕೇನು?"