ಕತ್ತರಿಸಿ ಕೊಟ್ಟ ಎರಡು ಗುಳಿಗೆ

ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಒಮ್ಮೆ ಬೆನ್ನು ಹಿಡ್ಕೊಂಡಿತ್ತು. ಮೆಡಿಕಲ್‌ಗೆ ಹೋಗಿ ಡೈಕ್ಲೋಫೆನಾಕ್ ಅನ್ನೋ ನೋವಿನ ಗುಳಿಗೆ ಕೇಳಿದೆ. ಕೊಡಲಿಲ್ಲ. ಹೃದಯಕ್ಕೆ ಅಪಾಯ ಅಂತ 2015ರಿಂದ ಅಲ್ಲಿ ಅದು ಡಾಕ್ಟರ ಚೀಟಿ ಇಲ್ಲದೆ ಸಿಗಲ್ಲ. ಅದೇ ಜಾತಿಯ ಇನ್ನೊಂದು ನೋವಿನ ಗುಳಿಗೆ ಐಬುಪ್ರೊಫೆನ್ ಕೊಡುವ ಮೊದಲೂ ಕೌಂಟರಿನ ಹೆಂಗಸು ಕೇಳಿದರು: ಹೊಟ್ಟೆಹುಣ್ಣು ಇದೆಯಾ? ಅಸ್ತಮಾ? ಬಿಪಿ ಗುಳಿಗೆ ತಗೊಳ್ತೀರಾ? ನನಗೆ ಸಿಟ್ಟು ಬಂತು. ಕಲಬುರಗಿಯಲ್ಲಾದರೆ ಎರಡು ನಿಮಿಷದ ಕೆಲಸ ಅಲ್ವಾ ಅನಿಸಿತು.

ಹೋದ ಮೇ ತಿಂಗಳು ಊರಿಗೆ ಬಂದಾಗ ಅವ್ವನ ದಿಂಬಿನ ಪಕ್ಕ ಪೇಪರಿನ ಪೊಟ್ಟಣ ಇತ್ತು. ಒಳಗೆ ಕತ್ತರಿಯಿಂದ ಕತ್ತರಿಸಿದ ಗುಳಿಗೆ ಪಟ್ಟಿಯ ತುಂಡುಗಳು. ಒಂದರ ಮೇಲೆ 'ಡೈಕ್ಲೋ' ಅಂತಷ್ಟೇ ಉಳಿದಿತ್ತು. ತಾರೀಖು ಇದ್ದ ತುಂಡು ಅಂಗಡಿಯಲ್ಲೇ ಉಳಿದಿರಬೇಕು. ಮೊಣಕಾಲು ಬ್ಯಾನಿಗೆ ಮೂರು ತಿಂಗಳಿಂದ ದಿನಾ ಎರಡು ನುಂಗಿದ್ದಳು. ನಾಲ್ಕು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತು. "ಉಷ್ಣ ಆಗ್ಯಾದ, ಬಿಡು" ಅಂದಳು. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಜಠರದಲ್ಲಿ ಹುಣ್ಣು, ರಕ್ತ ಸೋರುತ್ತಿತ್ತು.

ನೋವು, ಬಾವು ತರುವ ಪ್ರೊಸ್ಟಗ್ಲಾಂಡಿನ್ ಅನ್ನೋ ದೇಹದ ರಾಸಾಯನಿಕವನ್ನು ಈ ಗುಳಿಗೆ ತಡೆಯುತ್ತದೆ. ಆದರೆ ಹೊಟ್ಟೆಯ ಒಳಪದರ ಕಾಯೋದೂ ಅದೇ ಪ್ರೊಸ್ಟಗ್ಲಾಂಡಿನ್. "ಉಂಡು ತಗೊಂಡ್ರ ಏನೂ ಆಗಂಗಿಲ್ಲ" ಅಂತಾರೆ. ಆದರೆ ಗುಳಿಗೆಯ ಕೆಲಸ ನಡೆಯೋದು ರಕ್ತದ ಮೂಲಕ. ಅದಕ್ಕೇ ಸೂಜಿ ಮಾಡಿಸಿಕೊಂಡರೂ ಹೊಟ್ಟೆಗೆ ಅಪಾಯ ತಪ್ಪಲ್ಲ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲೂ ಅದೇ ಪ್ರೊಸ್ಟಗ್ಲಾಂಡಿನ್ ಬೇಕು. 42 ಡಿಗ್ರಿ ಬಿಸಿಲಲ್ಲಿ ಹೊಲದಲ್ಲಿ ದುಡಿದು, ನೀರು ಕಡಿಮೆ ಕುಡಿದು, ಸಂಜೆ ಮೈಕೈ ನೋವಿಗೆ ಇದನ್ನು ನುಂಗುವವರು ನಮ್ಮ ಕಡೆ ಎಷ್ಟು ಜನ! ಬಿಪಿ ಗುಳಿಗೆ ನಡೀತಿದ್ದರಂತೂ ಅಪಾಯ ಇನ್ನೂ ಜಾಸ್ತಿ.

ಲೆಸ್ಟರ್‌ನದೇ ಸರಿ ಅಂತ ನಾನು ಹೇಳಲ್ಲ. ಅಲ್ಲಿ ಡಾಕ್ಟರನ್ನು ಕಾಣಲು ನಾನು ಮೂರು ವಾರ ಕಾದಿದ್ದೇನೆ. ಚೀಟಿ ಬೇಕೆಂಬ ನಿಯಮ ನಮ್ಮಲ್ಲೂ ಇದೆ, ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. ಕೌಂಟರಿನ ಆ ಹೆಂಗಸಿಗೆ ನಾನು ಯಾರೋ. ನಮ್ಮ ಓಣಿಯ ಅಂಗಡಿಯವರಿಗೆ ಅವ್ವ ಮೂವತ್ತು ವರ್ಷದಿಂದ ಗೊತ್ತು. ಆ ಮೂರು ಪ್ರಶ್ನೆ ಕೇಳಲು ಅವರಿಗಿಂತ ಒಳ್ಳೆಯವರು ಯಾರಿದ್ದಾರೆ?

ಹೋಗಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಅವ್ವಗ ಬಿಪಿ ಅದ ಅಂತ ನನಗ ಗೊತ್ತಿತ್ತಲ್ರೀ" ಅಂದರು. ಬಿಪಿ ಗುಳಿಗೆಯನ್ನೂ ಪ್ರತಿ ತಿಂಗಳು ಅವರೇ ಕೊಡುತ್ತಿದ್ದರು.