ಹೋಗದ ದಾರಿಗೊಂದು ಪರ್ಮಿಷನ್

ಯುರೋಪಲ್ಲಿ ಐಎಫ್‌ಆರ್ (ಅಂದ್ರೆ ಮೋಡದಲ್ಲೂ ಬರೀ ಉಪಕರಣ ನೋಡ್ಕೊಂಡು) ಹಾರ್ಬೇಕಂದ್ರೆ ವಿಮಾನ, ಲೈಸೆನ್ಸು, ಫ್ಯೂಯಲ್ ಇದ್ರೆ ಸಾಲದು ಸ್ವಾಮಿ, ಮೊದ್ಲು ಯುರೋಪಿನ ವಿಮಾನ ಸಂಚಾರ ಸಂಸ್ಥೆ ಯುರೋಕಂಟ್ರೋಲ್‌ನ ಐಎಫ್‌ಪಿಎಸ್ ಅನ್ನೋ, ಹೋಗೋ ದಾರಿಯ ಅರ್ಜಿ (ಫ್ಲೈಟ್ ಪ್ಲಾನ್) ತಪಾಸಣೆ ಮಾಡೋ ಕಂಪ್ಯೂಟರಪ್ಪನ್ನ ಒಲಿಸ್ಕೋಬೇಕು. ಅದ್ರ ಕೈಲಿರೋ ಧರ್ಮಶಾಸ್ತ್ರ ರಾಡ್, ಅಂದ್ರೆ ರೂಟ್ ಅವೈಲಬಿಲಿಟಿ ಡಾಕ್ಯುಮೆಂಟ್. ಈ ಊರಿಂದ ಹೊರಟೋರು ಆ ಊರಲ್ಲಿ ಇಳಿಯೋದಾದ್ರೆ ಇಂಥ ಪಾಯಿಂಟ್ ಮೇಲೆ ಇಷ್ಟೆತ್ತರದಲ್ಲಿ ಇಷ್ಟೊತ್ತಿಂದ ಇಷ್ಟೊತ್ತಿನ ತನಕ ಹೋಗೋ ಹಾಗಿಲ್ಲ, ಪಕ್ಕದೂರಿಂದ ಹೊರಟೋರಾದ್ರೆ ಪರ್ವಾಗಿಲ್ಲ, ಹೀಗೆ ಪುಟಗಟ್ಲೆ. ಎಲ್ರೂ ಆಕಾಶದ ಒಂದೇ ತುಂಡಿಗೆ (ಸೆಕ್ಟರಿಗೆ) ನುಗ್ಗಬಾರ್ದು ಅಂತ ಮಾಡಿರೋದು, ಒಪ್ಕೊಳ್ಳೋಣ. ಆದ್ರೆ 28 ದಿನಕ್ಕೊಂದು ಸಲ ಹೊಸದು ಬರುತ್ತೆ, ಹಳೇದು ಬಾಯಿಪಾಠ ಆಗೋಷ್ಟ್ರಲ್ಲಿ.

ನೀವು ನೆಟ್ಟಗೆ ಒಂದು ಗೆರೆ ಎಳೆದು ಫೈಲ್ ಮಾಡಿ ನೋಡಿ. ಎರರ್ ಬರುತ್ತೆ, ಪ್ರೊಫ್ 204: ಹೋಗಬಾರದ ದಾರೀಲಿದೀಯ. ಸರಿ ಅಂತ ಸ್ವಲ್ಪ ಪಕ್ಕಕ್ಕೆ ಜರುಗಿದ್ರೆ ಪ್ರೊಫ್ 205: ಹೋಗಲೇಬೇಕಾದ ದಾರಿ ಬಿಟ್ಟಿದೀಯ. ಹಾಗಾದ್ರೆ ಯಾವ ದಾರೀಲಿ ಹೋಗ್ಲಪ್ಪಾ ಅಂದ್ರೆ ಆ ಸಂದೇಶದಲ್ಲಿ ನಿಯಮದ ನಂಬರ್ ಇರುತ್ತೆ, ಹುಡುಕ್ಕೋ.

ಅದಕ್ಕೇ ಈಗ ರೂಟ್ ಹುಡುಕೋ ಸಾಫ್ಟ್‌ವೇರ್‌ಗಳು ಬಂದಿವೆ, ಒಂದು ಕಂಪ್ಯೂಟರ್ ಬರೆದು ಕಳಿಸುತ್ತೆ ಇನ್ನೊಂದು ಉಗಿದು ವಾಪಸ್ ಕಳಿಸುತ್ತೆ, ಇದು ಮತ್ತೆ ತಿದ್ದಿ ಕಳಿಸುತ್ತೆ, ಕೊನೆಗೆ ಅವೆರಡೂ ಸೇರಿ ಒಪ್ಕೊಂಡಿರೋ ರೂಟನ್ನ ಮ್ಯಾಪಲ್ಲಿ ನೋಡಿದ್ರೆ ಎಳೇ ಮಗು ಸ್ಲೇಟ್ ಮೇಲೆ ಗೀಚಿದ ಹಾಗಿರುತ್ತೆ. ಇಷ್ಟೆಲ್ಲ ಆಗಲ್ಲಪ್ಪ ಅನ್ನೋರಿಗೆ ಶರಣಾಗತಿ ಮಂತ್ರಾನೂ ಇದೆ, ಪ್ಲಾನಿನ ರಿಮಾರ್ಕ್ಸ್ ಜಾಗದಲ್ಲಿ ‘ಐಎಫ್‌ಪಿಎಸ್ ರೀರೂಟ್ ಆಕ್ಸೆಪ್ಟೆಡ್’ ಅಂತ ಬರೀಬೇಕು. ಅರ್ಥ ಇಷ್ಟೇ: ಎಲ್ಲಿ ಸುತ್ತಿಸಿದ್ರೂ ಸುತ್ತುತೀನಿ ತಂದೆ, ಒಪ್ಕೊಂಡ್ಬಿಡು.

ಇನ್ನು ತಮಾಷೆ ಮೇಲೆ ಹತ್ತಿದ ಮೇಲೆ. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ರೇಡಿಯೋದಲ್ಲಿ ತಣ್ಣಗೆ ಹೇಳ್ತಾರೆ, ಡೈರೆಕ್ಟ್ ಹೋಗಿ ಅಂತ, ಎಲ್ಲಿಗೆ? ನೀವು ಬೆಳಿಗ್ಗೆ ಫೈಲ್ ಮಾಡಿ ಬೈಸ್ಕೊಂಡ ಅದೇ ನೇರ ಗೆರೆ ಮೇಲೆ! ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರು ಕೇಳ್ದೇನೇ ಕೊಡ್ತಾನೆ, ಪೂಜಾರಿಗೆ ಮಾತ್ರ ಹೇಳಿರಲ್ಲ. ಫ್ಯೂಯಲ್ ಮಾತ್ರ ಗೀಚಿದ ದಾರಿ ಲೆಕ್ಕಕ್ಕೇ ತುಂಬಿಸಿರ್ತೀರಿ, ಹೊತ್ಕೊಂಡು ಹೋಗಿ.

ರಿಪೇರಿ ಮಾಡ್ತಿಲ್ವಾ ಅಂದ್ರೆ ಮಾಡ್ತಿದಾರೆ. ಯುರೋಪಿನ ಆಕಾಶನೆಲ್ಲ ಒಂದು ಮಾಡೋ ‘ಸಿಂಗಲ್ ಯುರೋಪಿಯನ್ ಸ್ಕೈ’ ಕಾನೂನು ಬಂದಿದ್ದು 2004ರಲ್ಲಿ, ಅದನ್ನ ಸರಿಮಾಡೋ ಪ್ರಸ್ತಾವನೆ 2013ರಲ್ಲಿ, ಅದು ಪಾಸಾಗಿದ್ದು 2024ರಲ್ಲಿ. ಎತ್ತರದಲ್ಲಿ ದಾರಿ ನೀವೇ ಆರಿಸ್ಕೊಳ್ಳೋ ‘ಫ್ರೀ ರೂಟ್’ ಅಂತಾನೂ ಇದೆ, ಪೋರ್ಚುಗಲ್ 2009ರಲ್ಲೇ ಶುರು ಮಾಡ್ತು, ಆ ಫ್ರೀಗೆ ಏನೇನು ಷರತ್ತು ಅಂತ ತಿಳ್ಕೊಳ್ಳೋಕೆ ಮತ್ತೆ ರಾಡ್ ತೆಗೀಬೇಕು.

ಅಂದ ಹಾಗೆ, ಒಪ್ಪಿಗೆ ಸಿಕ್ಕ ಆ ಸೊಟ್ಟ ದಾರೀಲಿ ಪೂರ್ತಿ ಹಾರ್ಲೇಬೇಕಾಗಿ ಬರೋ ಸಂದರ್ಭಾನೂ ಒಂದಿದೆ. ಮೋಡದೊಳಗೆ ರೇಡಿಯೋ ಕೆಟ್ಟೋಗ್ಬೇಕು.