ಪಗಾರ ನರ್ಸಿನದು, ಕೆಲಸ ಸೂಲಗಿತ್ತಿಯದು

ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗಿಯ ನೋಂದಣಿ ಪತ್ರದಲ್ಲಿ ಆರ್‌ಎನ್, ಆರ್‌ಎಂ ಎರಡೂ ಇರುತ್ತವೆ. ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್ ಅಂದರೆ ಓದಿದ ಸೂಲಗಿತ್ತಿ. ಮೊದಲನೆಯದಕ್ಕೆ ಹುದ್ದೆ ಇದೆ, ಬಡ್ತಿ ಇದೆ, ಕಡಿಮೆಯೋ ಹೆಚ್ಚೋ ಒಂದು ಪಗಾರವೂ ಇದೆ. ಎರಡನೆಯದು ಕಾಗದದ ಮೇಲಿನ ಎರಡಕ್ಷರ. ಹೆರಿಗೆ ಮಾಡಿಸಬಲ್ಲೆ ಎಂಬ ಅರ್ಹತೆಗೆ ನಮ್ಮ ಕಡೆ ಪ್ರತ್ಯೇಕ ಹುದ್ದೆಯೇ ಇಲ್ಲದಿರುವಾಗ, ಅದಕ್ಕೆ ಪಗಾರ ಎಷ್ಟು ಎಂಬ ಪ್ರಶ್ನೆ ಹುಟ್ಟುವುದಾದರೂ ಎಲ್ಲಿ? ಇಂಗ್ಲೆಂಡಿನ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮೊದಲು ಕಾಣುವ ವ್ಯತ್ಯಾಸ ಇದೇ.

ಇಂಗ್ಲೆಂಡಿನಲ್ಲಿ ಸೂಲಗಿತ್ತಿಯ ಓದು ನರ್ಸಿಂಗ್‌ನ ಬಾಲವಲ್ಲ. ಮೂರು ವರ್ಷದ ಪದವಿ ಪೂರ್ತಿ ಬಸಿರು, ಹೆರಿಗೆ, ಬಾಣಂತನ, ಕೂಸಿನ ಆರೈಕೆಯದೇ. ವಿದ್ಯಾರ್ಥಿನಿ 40 ಹೆರಿಗೆಗಳನ್ನು ಸ್ವಂತ ಕೈಯಿಂದ ಮಾಡಿಸಿರಬೇಕು. ಕೆಲಸಕ್ಕೆ ಸೇರಿದಾಗ ಸರ್ಕಾರಿ ಆರೋಗ್ಯ ಸೇವೆಯ 5ನೇ ಬ್ಯಾಂಡ್ (ಪಗಾರದ ದರ್ಜೆ), 2025–26ರ ದರದಲ್ಲಿ ವರ್ಷಕ್ಕೆ 31,049 ಪೌಂಡ್. ಹಿರಿಯರ ಕೈಕೆಳಗೆ ಸುಮಾರು ಒಂದು ವರ್ಷ ಪಳಗಿದ ಮೇಲೆ 6ನೇ ಬ್ಯಾಂಡ್, ಅಂದರೆ 38,682 ಪೌಂಡ್. ರಾತ್ರಿ ಪಾಳಿಗೆ, ಶನಿವಾರಕ್ಕೆ ಶೇ 30 ಹೆಚ್ಚು. ರವಿವಾರ ಮತ್ತು ಸರ್ಕಾರಿ ರಜೆಯ ದಿನ ಶೇ 60 ಹೆಚ್ಚು. ಪೌಂಡನ್ನು ರೂಪಾಯಿಗೆ ಗುಣಿಸಿ ಹುಬ್ಬೇರಿಸಬೇಕಾಗಿಲ್ಲ, ಮನೆ ಬಾಡಿಗೆ ಮತ್ತು ತೆರಿಗೆ ಅದನ್ನು ಬೇಗ ಕರಗಿಸುತ್ತವೆ. ಗಮನಿಸಬೇಕಾದದ್ದು ಆ ಎರಡನೇ ಮೆಟ್ಟಿಲನ್ನು. ಜತೆಗೆ ಸೇರಿದ ನರ್ಸ್ 5ನೇ ಬ್ಯಾಂಡಿನಲ್ಲೇ ಇರುತ್ತಾಳೆ, ಮೇಲಿನ ಜಾಗ ಖಾಲಿಯಾದಾಗ ಅರ್ಜಿ ಹಾಕಿ ಗೆಲ್ಲಬೇಕು. ಸೂಲಗಿತ್ತಿ ಕಲಿಕೆ ಪೂರೈಸಿದರೆ ಸಾಕು, ಏರುತ್ತಾಳೆ. ಹೆರಿಗೆ ಕೋಣೆಯ ಹೊಣೆ ಬೇರೆ ತೂಕದ್ದು ಎಂದು ಪಗಾರದ ಪಟ್ಟಿಯೇ ಒಪ್ಪಿಕೊಂಡಂತೆ.

ಹಾಗೆಂದು ಅದು ಸ್ವರ್ಗವೂ ಅಲ್ಲ. ವಾರ್ಡುಗಳಲ್ಲಿ ಕೈ ಸಾಲದು ಎಂಬ ಕೂಗು ಇರುವಾಗಲೇ, 2025ರಲ್ಲಿ ಓದು ಮುಗಿಸಿದವರು ಕೆಲಸಕ್ಕಾಗಿ ಅಲೆಯಬೇಕಾಯಿತು. ಆಸ್ಪತ್ರೆಗಳಿಗೆ ಹೊಸಬರನ್ನು ತೆಗೆದುಕೊಳ್ಳಲು ದುಡ್ಡಿರಲಿಲ್ಲ. ಕೊನೆಗೆ ಆ ವರ್ಷದ ಆಗಸ್ಟಿನಲ್ಲಿ ಹೊಸ ಪದವೀಧರರಿಗೆ ಕೆಲಸದ ಖಾತರಿ ಯೋಜನೆಯನ್ನು ಅಲ್ಲಿನ ಸರ್ಕಾರ ಘೋಷಿಸಿತು.

ಈಗ ನಮ್ಮ ತಾಲ್ಲೂಕು ಊರುಗಳ ನರ್ಸಿಂಗ್ ಹೋಮಿಗೆ ಬರೋಣ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ಆದೇಶದಂತೆ ಕೇಂದ್ರದ ಸಮಿತಿಯೊಂದು ಖಾಸಗಿ ನರ್ಸುಗಳ ಪಗಾರಕ್ಕೆ ಲೆಕ್ಕ ಹಾಕಿಕೊಟ್ಟಿದೆ. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ; 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು; 50ರಿಂದ 100ಕ್ಕೆ ಶೇ 25; 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000ಕ್ಕೆ ಇಳಿಯಬಾರದು. ಜಮಖಂಡಿ, ಇಂಡಿ, ಗೋಕಾಕದಂಥ ಊರುಗಳ ಬಹುತೇಕ ಹೆರಿಗೆ ದವಾಖಾನೆಗಳು ಕೊನೆಯ ಗುಂಪಿನವು. ಆ 20,000ದ ಅಂಕಿ ಹೇಳಿದರೆ ಹೊಸದಾಗಿ ಸೇರಿದ ಹುಡುಗಿಯರು ನಗುತ್ತಾರೆ. ಶಿಫಾರಸಿಗೆ ಹಲ್ಲು ಬರುವುದು ರಾಜ್ಯ ಕಾನೂನು ಮಾಡಿದಾಗಲೇ. ಆದರೂ ಸೇರುವ ಮುನ್ನ ದವಾಖಾನೆಯ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯಲ್ಲಿ ಎಷ್ಟು ಹಾಸಿಗೆ ತೋರಿಸಿದ್ದಾರೆ ಎಂದು ಕೇಳಿ ತಿಳಿದುಕೊಂಡರೆ ತಪ್ಪಿಲ್ಲ, ಚೌಕಾಸಿಗೆ ಅದೊಂದೇ ಆಧಾರ.

ಪಗಾರ ಏರದಿರಲು ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015–16ರಲ್ಲಿ ಶೇ 23.6 ಇದ್ದದ್ದು 2019–20ಕ್ಕೆ ಶೇ 31.5 ಆಯಿತು. ಬ್ಯಾನಿ ಶುರುವಾದ ಹೆಣ್ಣುಮಗಳ ಪಕ್ಕ ಹತ್ತು ತಾಸು ಕೂತು, ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಗುರುತಿಸುವ ಪಾರ್ಟೋಗ್ರಾಫ್ ಪಟ್ಟಿ ತುಂಬುತ್ತ, ಕೂಸಿನ ಎದೆಬಡಿತ ಎಣಿಸುತ್ತ, ಧೈರ್ಯ ಹೇಳುತ್ತ ಕಾಯುವ ಕಲೆಗೆ ಬಿಲ್ಲಿನಲ್ಲಿ ಸಾಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಕತ್ತರಿ ಕೊಡುವವಳಿಗೆ ಬೇಡಿಕೆ ಇದೆ. ರಾತ್ರಿ ಒಬ್ಬಳೇ ವಾರ್ಡು, ಹೆರಿಗೆ ಕೋಣೆ, ಥಿಯೇಟರು ಮೂರನ್ನೂ ನೋಡಿಕೊಳ್ಳುವ ಕಡೆ ಪಾರ್ಟೋಗ್ರಾಫ್ ಹೆರಿಗೆಯಾದ ಮೇಲೆ ಕೂತು ತುಂಬುವ ಕಾಗದವಾಗುತ್ತದೆ. ಆಗ ಹೆರಿಗೆ ಮುಂದುವರಿಯದೆ ನಿಂತದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಮನ್ನಣೆಯ ಮಾತಿಗೆ ಬೆಳಗಾವಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಕೂಸು ಹುಟ್ಟಿದ ಕೂಡಲೇ ಅರ್ಧದಷ್ಟು ಜನರಿಗೆ ರಕ್ತಸ್ರಾವ ತಡೆಯುವ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ. ಕೆಳಗೆ ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಎಷ್ಟು ಹೋಯಿತೆಂದು ಅಳೆದರು. ಹೆರಿಗೆ ನಂತರದ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಗುಳಿಗೆ ಕೊಟ್ಟವರು, ರಕ್ತ ಅಳೆದವರು ಡಾಕ್ಟರುಗಳಲ್ಲ, ಊರವರು ನರ್ಸಬಾಯಿ ಎಂದು ಕರೆಯುವ ಎಎನ್‌ಎಂಗಳು, ಅಂದರೆ ಸಹಾಯಕ ನರ್ಸ್-ಮಿಡ್‌ವೈಫ್‌ಗಳು. ಲೋಕಕ್ಕೆ ಪಾಠ ಕಲಿಸಿದ ಆ ಕೈಗಳಿಗೆ ಇವತ್ತಿಗೂ ಸೂಲಗಿತ್ತಿಯ ಪ್ರತ್ಯೇಕ ಹುದ್ದೆಯಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2018ರ ಕೇಂದ್ರ ಮಾರ್ಗಸೂಚಿ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಎಂಬ 18 ತಿಂಗಳ ತರಬೇತಿಯನ್ನು ತಂದಿತು, ಸೂಲಗಿತ್ತಿಯರೇ ನಡೆಸುವ ಹೆರಿಗೆ ಘಟಕಗಳ ಮಾತಾಡಿತು. 2023ರ ಹೊಸ ಕಾಯ್ದೆ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಬಂದು, ಹೆಸರಿನಲ್ಲೇ ಮಿಡ್‌ವೈಫರಿಯನ್ನು ಸೇರಿಸಿಕೊಂಡಿತು. ಆದರೆ ಆ 18 ತಿಂಗಳ ತರಬೇತಿಗೆ ಎರಡು ವರ್ಷ ಹೆರಿಗೆ ಮಾಡಿಸಿದ ಅನುಭವ ಬೇಕು, ಹೊಸಬಳಿಗೆ ಬಾಗಿಲು ತೆರೆಯದು.

ಅವಳಿಗೆ ಉಳಿಯುವುದು ಗುತ್ತಿಗೆ ಕೆಲಸ, ಖಾಸಗಿ ದವಾಖಾನೆ, ಇಲ್ಲವೇ ಗಡಿ ದಾಟುವುದು. ಆಲಮೇಲದಿಂದ ಭೀಮಾ ನದಿ ದಾಟಿದರೆ ಅಫಜಲಪುರ; ಆ ಕಡೆಯವರಿಗೆ ಕಲ್ಯಾಣ ಕರ್ನಾಟಕಕ್ಕೆಂದೇ ಇರುವ ಸಂವಿಧಾನದ 371(ಜೆ) ಮೀಸಲಾತಿ ಇದೆ, ಸಿ ವೃಂದದಲ್ಲಿ ಸ್ಥಳೀಯರಿಗೆ ಶೇ 80. ಈ ದಂಡೆಯವರಿಗೆ ಇಲ್ಲ, ನರ್ಸಿಂಗನ್ನು ಕಲಬುರಗಿಯಲ್ಲೇ ಓದಿದ್ದರೂ ಅಷ್ಟರಿಂದ ಸಿಗದು. ಮಿರಜ, ಸಾಂಗ್ಲಿ, ಸೊಲ್ಲಾಪುರ ಹತ್ತಿರವೇ, ಮರಾಠಿಯೂ ಬಾಯಿಗೆ ಬರುತ್ತದೆ. ಆದರೆ ಕರ್ನಾಟಕದ ನೋಂದಣಿ ಅಲ್ಲಿ ಸಾಲದು. ಇಲ್ಲಿನ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಮಹಾರಾಷ್ಟ್ರದಲ್ಲಿ ನೋಂದಾಯಿಸಿಕೊಳ್ಳಬೇಕು. ಕೆಲಸ ಸಿಕ್ಕ ಮೇಲೆ ಓಡಾಡುವ ಬದಲು ಮೊದಲೇ ಮಾಡಿಸಿಕೊಂಡರೆ ಒಳ್ಳೆಯದು.

ವಿದೇಶದ ದಾರಿಯಲ್ಲಿ ಆರ್‌ಎಂ ಎಂಬ ಅರ್ಧ ವಿಮಾನ ಹತ್ತುವುದೇ ಇಲ್ಲ. ಬ್ರಿಟನ್ನಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ನೋಂದಣಿ ಬೇರೆ ಬೇರೆ, ಕಂಪ್ಯೂಟರ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎರಡೂ ಬೇರೆ. ನಮ್ಮವರು ನರ್ಸಿನ ಪರೀಕ್ಷೆ ಬರೆದು ಹೋಗುತ್ತಾರೆ. ಹೆರಿಗೆಯನ್ನು ಆದಿಯಿಂದ ಅಂತ್ಯದವರೆಗೆ ಸ್ವಂತ ಹೊಣೆಯಲ್ಲಿ ನಡೆಸಿದ್ದೇನೆ ಎಂದು ತೋರಿಸಲು ಕೈಯಲ್ಲಿ ಕಾಗದವಿರುವುದಿಲ್ಲ. ಅನುಭವ ಪತ್ರದಲ್ಲಿ 'ಸ್ಟಾಫ್ ನರ್ಸ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ' ಎಂಬ ಒಂದೇ ಸಾಲು. ಪಗಾರ ಕೈಗೆ ನಗದು, ಹಾಗಾಗಿ ಬ್ಯಾಂಕಿನಲ್ಲೂ ಗುರುತಿಲ್ಲ.

ಅದಕ್ಕೇ ಮೊದಲ ತಿಂಗಳಿಂದಲೇ ನೇಮಕ ಪತ್ರ ಕೇಳಬೇಕು, ಪಗಾರ ಖಾತೆಗೇ ಬರಲಿ ಎನ್ನಬೇಕು. 20 ಜನ ಕೆಲಸಗಾರರಿದ್ದರೆ ಪಿಎಫ್, 10 ಜನ ಇದ್ದು ಪಗಾರ 21,000 ಮೀರದಿದ್ದರೆ ಇಎಸ್‌ಐ ವಿಮೆ ಕಡ್ಡಾಯ. ಮೂಲ ಅಂಕಪಟ್ಟಿಯನ್ನು ಬಾಂಡಿನ ಹೆಸರಲ್ಲಿ ಒತ್ತೆ ಇಡಬಾರದು, ನಕಲು ಪ್ರತಿ ಸಾಕು. ಬಿಡುವಾಗ ಅನುಭವ ಪತ್ರದಲ್ಲಿ ಹೆರಿಗೆ ಕೋಣೆಯಲ್ಲಿ ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಹೆರಿಗೆ, ಅದರಲ್ಲಿ ಸ್ವಂತ ಕೈಯಿಂದ ಎಷ್ಟು ಎಂದು ಬರೆಸಿಕೊಳ್ಳಬೇಕು. ಬರೆಸುವ ಹೊತ್ತಿಗೆ ನೆನಪು ಕೈಕೊಡುತ್ತದೆ, ಹಾಗಾಗಿ ಪಾಳಿ ಮುಗಿದ ದಿನವೇ ಒಂದು ವಹಿಯಲ್ಲಿ ತಾರೀಖು, ಸಹಜವೋ ಅಲ್ಲವೋ, ಕೂಸಿನ ತೂಕ ಬರೆದಿಡಬೇಕು. ಬಾಣಂತಿಯ ಹೆಸರು ಮಾತ್ರ ಬೇಡ.